ಅಮೆರಿಕದಲ್ಲಿ ಮೊದಲ ಪಿಸ್ತೂಲು: ಬ್ರ್ಯಾಂಡ್ ಕೇಳೋಕೂ ಮುಂಚೆ ಮೂರು ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ. ಮಾತಿನ ಧಾಟಿ ಹಾಗೇ ಇದೆ.)

ಬೆಂಗಳೂರಲ್ಲಿ ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಡಾಲಸ್, ನ್ಯೂಜೆರ್ಸಿ, ಬೇ ಏರಿಯಾದಲ್ಲಿ ಕಾರು ಓಡಿಸ್ತಾ ಕೇಳ್ತಿರೋರಿಗೂ ಸ್ವಾಗತ.

ನಾನು ಇರೋದು ಟೆಕ್ಸಸ್‌ನಲ್ಲಿ. ವಾರಾಂತ್ಯದಲ್ಲಿ ಶೂಟಿಂಗ್ ರೇಂಜ್‌ಗೆ ಹೋಗೋ ಅಭ್ಯಾಸ ಇದೆ. ಬೇಟೆ ಆಡಲ್ಲ, ಸ್ಪರ್ಧೆಗೂ ಹೋಗಲ್ಲ. ಕಾಗದದ ಟಾರ್ಗೆಟ್‌ಗೆ ಗುರಿ ಇಟ್ಟು ಹೊಡೀತೀನಿ, ಅಷ್ಟೇ. ಇದು ಗೊತ್ತಿರೋ ಇಲ್ಲಿನ ಕನ್ನಡದ ಹುಡುಗರು, ಹುಡುಗಿಯರು ನನ್ನನ್ನ ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಸುಮ್ನೆ ಟಾರ್ಗೆಟ್ ಹೊಡೆಯೋಕೆ ಒಂದು ಪಾಯಿಂಟ್ ಟೂ ಟೂ ಪಿಸ್ತೂಲ್ ತಗೋಬೇಕು. ಯಾವ್ದು ತಗೊಳ್ಳಿ?"

ಬ್ರ್ಯಾಂಡ್ ಹೆಸರು ಹೇಳೋದು ಎರಡು ನಿಮಿಷದ ಕೆಲಸ. ಇವತ್ತೂ ಹೇಳ್ತೀನಿ. ಆದ್ರೆ ಅದಕ್ಕೂ ಮುಂಚೆ ಮೂರು ಪ್ರಶ್ನೆ ಇವೆ. ಒಂದು, ಕಾನೂನಿನ ಪ್ರಕಾರ ನಾನು ಇದನ್ನ ಮುಟ್ಟಬಹುದಾ? ಎರಡು, ಮನೇಲಿ ಎಲ್ಲಿಡ್ತೀನಿ? ಮೂರು, ನನ್ನ ಕೈಗೆ ಕೂರುತ್ತಾ? ಮೂರನೇದರಲ್ಲಿ ತಪ್ಪಿದ್ರೆ ನಾಲ್ಕು ನೂರು ಡಾಲರ್ ಹೋಗುತ್ತೆ. ಮೊದಲನೇದರಲ್ಲಿ ತಪ್ಪಿದ್ರೆ ಅಮೆರಿಕದ ಬದುಕೇ ಹೋಗಬಹುದು. ಎರಡನೇದರಲ್ಲಿ ತಪ್ಪಿದ್ರೆ ಒಂದು ಜೀವ ಹೋಗಬಹುದು. ಜನ ಕೇಳೋದು ಮಾತ್ರ ಮೂರನೇದನ್ನೇ.

ಮೊದಲು, ಈ ಪಾಯಿಂಟ್ ಟೂ ಟೂ ಅಂದ್ರೆ ಏನು ಅಂತ ಚಿಕ್ಕದಾಗಿ ಹೇಳಿಬಿಡ್ತೀನಿ. ಪೂರ್ತಿ ಹೆಸರು ಪಾಯಿಂಟ್ ಟೂ ಟೂ ಲಾಂಗ್ ರೈಫಲ್. ಹೆಸರಲ್ಲಿ ರೈಫಲ್ ಇದ್ರೂ ಪಿಸ್ತೂಲಿಗೂ ಇದೇ ಗುಂಡು. 1887ರಿಂದ ಇದೆ. ಮುಂದೆ ಸಣ್ಣದೊಂದು ಸೀಸದ ತುಂಡು, ಸಾಮಾನ್ಯವಾಗಿ 40 ಗ್ರೇನ್ ಅಂದ್ರೆ ಎರಡೂವರೆ ಗ್ರಾಂ ಚಿಲ್ಲರೆ ತೂಕ. ಹಿಂದೆ ತೆಳ್ಳಗಿನ ಹಿತ್ತಾಳೆ ಕೇಸ್. ಆ ಕೇಸಿನ ತಳದಲ್ಲಿ ಒಂದು ಅಂಚು ಇದೆ, ಅದೇ ರಿಮ್. ಕಿಡಿ ಹೊತ್ತಿಸೋ ಮದ್ದನ್ನ ಆ ಅಂಚಿನ ಒಳಗೇ ತುಂಬಿರ್ತಾರೆ. ಪಿಸ್ತೂಲಿನ ಪಿನ್ನು ಆ ಅಂಚನ್ನ ಜಜ್ಜಿದಾಗ ಮದ್ದು ಹೊತ್ತಿಕೊಳ್ಳುತ್ತೆ. ಅದಕ್ಕೇ ರಿಮ್‌ಫೈರ್ ಅನ್ನೋ ಹೆಸರು. 9 ಎಂಎಂ ಥರದ ಗುಂಡುಗಳಲ್ಲಿ ಆ ಮದ್ದು ತಳದ ಮಧ್ಯದಲ್ಲಿರುತ್ತೆ, ಅದು ಸೆಂಟರ್‌ಫೈರ್.

ಹವ್ಯಾಸಕ್ಕೆ ಇದೇ ಯಾಕೆ ಒಳ್ಳೇದು? ಒಂದು, ಅಗ್ಗ. 9 ಎಂಎಂನ ಒಂದು ಗುಂಡಿನ ಬೆಲೆಗೆ ಇದರಲ್ಲಿ ಸುಮಾರು ಮೂರು ಗುಂಡು ಬರುತ್ತೆ. ಎರಡು, ಕೈಗೆ ಹಿಂದೇಟು ತುಂಬಾ ಕಡಿಮೆ. ಹಿಂದೇಟು ಜೋರಾಗಿದ್ರೆ ಹೊಸಬರ ಮೈ ಮುಂಚೇನೇ ಬೆದರುತ್ತೆ. ಟ್ರಿಗರ್ ಒತ್ತೋ ಹೊತ್ತಿಗೆ ಕಣ್ಣು ಮುಚ್ಚಿ, ಕೈ ಕೆಳಗೆ ತಳ್ಳಿ, ಗುಂಡು ಟಾರ್ಗೆಟ್‌ನ ಕಾಲ ಕೆಳಗೆ ಹೋಗುತ್ತೆ. ಈ ಅಭ್ಯಾಸ ಒಮ್ಮೆ ಅಂಟಿದ್ರೆ ಬಿಡಿಸೋಕೆ ತಿಂಗಳುಗಟ್ಟಲೆ ಬೇಕು. ಪಾಯಿಂಟ್ ಟೂ ಟೂನಲ್ಲಿ ಶುರು ಮಾಡಿದೋರಿಗೆ ಈ ರೋಗ ಕಡಿಮೆ.

ಹಾಗಂತ ಇದು ಆಟಿಕೆ ಅಲ್ಲ. ಗುಂಡಿನ ಡಬ್ಬಿ ಮೇಲೇ ಎಚ್ಚರಿಕೆ ಬರೆದಿರ್ತಾರೆ, ಒಂದೂವರೆ ಮೈಲಿವರೆಗೂ ಹೋಗಬಹುದು ಅಂತ. ಅಂದ್ರೆ ಎರಡು ಕಿಲೋಮೀಟರ್‌ಗಿಂತ ಜಾಸ್ತಿ. ಇದೂ ಕೊಲ್ಲುತ್ತೆ. ಈ ಮಾತು ತಲೇಲಿ ಇಟ್ಕೊಂಡೇ ಮುಂದೆ ಕೇಳಿ.

ಈಗ ಮೊದಲನೇ ಪ್ರಶ್ನೆ. ನಾನು ಇದನ್ನ ಮುಟ್ಟಬಹುದಾ?

ನಮ್ಮವರಲ್ಲಿ ಬಹಳ ಜನ ಇಲ್ಲಿರೋದು ಎಚ್-1ಬಿ, ಎಲ್-1, ಎಚ್-4, ಎಫ್-1 ವೀಸಾದಲ್ಲಿ. ಇವೆಲ್ಲ ಕಾನೂನಿನ ಭಾಷೆಯಲ್ಲಿ ನಾನ್‌ಇಮಿಗ್ರೆಂಟ್ ವೀಸಾಗಳು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಈ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ, ಗುಂಡನ್ನಾಗಲಿ ತಮ್ಮ ಬಳಿ ಇಟ್ಕೊಳ್ಳೋ ಹಾಗಿಲ್ಲ. ಕೊಂಡುಕೊಳ್ಳೋದು ಬಿಡಿ, ಇಟ್ಕೊಳ್ಳೋದೇ ಅಪರಾಧ. ತಪ್ಪಿತಸ್ಥ ಅಂತಾದ್ರೆ ಗರಿಷ್ಠ 15 ವರ್ಷ ಜೈಲು. 2022ಕ್ಕೆ ಮುಂಚೆ 10 ವರ್ಷ ಇತ್ತು, ಆ ವರ್ಷ ಬಂದ ಹೊಸ ಕಾಯ್ದೆ ಅದನ್ನ ಹೆಚ್ಚಿಸಿತು.

"ನಾನು ಕೊಳ್ಳಲ್ಲ ಅಣ್ಣಾ, ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಹೊಡೀತೀನಿ" ಅಂತಾರೆ. ಅಲ್ಲೇ ಇರೋದು ತೊಡಕು. ಬಾಡಿಗೆ ಪಿಸ್ತೂಲು ಕೈಯಲ್ಲಿರೋ ಅರ್ಧ ಗಂಟೆಯೂ "ಇಟ್ಕೊಂಡ" ಲೆಕ್ಕಕ್ಕೇ ಬರುತ್ತೆ. ರೇಂಜ್‌ನವರು ಡ್ರೈವಿಂಗ್ ಲೈಸೆನ್ಸ್ ನೋಡಿ, ಸಹಿ ಹಾಕಿಸ್ಕೊಂಡು ಒಳಗೆ ಬಿಡ್ತಾರೆ. ಕೌಂಟರ್‌ನಲ್ಲಿ ಯಾರೂ ತಡೀಲಿಲ್ಲ ಅಂದ ಮಾತ್ರಕ್ಕೆ ಕಾನೂನು ಒಪ್ಪಿತು ಅಂತಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಕೇಸ್ ಇದೆ, ರೆಹೈಫ್ ವರ್ಸಸ್ ಯುನೈಟೆಡ್ ಸ್ಟೇಟ್ಸ್. ಯುಎಇಯಿಂದ ಫ್ಲಾರಿಡಾಕ್ಕೆ ಓದೋಕೆ ಬಂದ ಹುಡುಗ. ಪಾಸಾಗಲಿಲ್ಲ, ಯೂನಿವರ್ಸಿಟಿ ಹೊರಗೆ ಹಾಕಿತು, ಅಲ್ಲಿಗೆ ವೀಸಾದ ಆಸರೆಯೂ ಹೋಯ್ತು. ಆತ ದೇಶ ಬಿಡಲಿಲ್ಲ. ಒಂದು ದಿನ ಶೂಟಿಂಗ್ ರೇಂಜ್‌ಗೆ ಹೋಗಿ ಟಾರ್ಗೆಟ್ ಹೊಡೆದ. ಯಾರನ್ನೂ ಹೆದರಿಸಿದ್ದಲ್ಲ, ಯಾರಿಗೂ ಗಾಯ ಮಾಡಿದ್ದಲ್ಲ. ಬಂದೂಕು, ಗುಂಡು ಕೈಯಲ್ಲಿ ಹಿಡಿದಿದ್ದೇ ಆರೋಪ. ಕೆಳಗಿನ ಕೋರ್ಟ್ 18 ತಿಂಗಳ ಶಿಕ್ಷೆ ಹಾಕಿತು. ಕೊನೆಗೆ ಸುಪ್ರೀಂ ಕೋರ್ಟ್, "ತಾನು ಅಕ್ರಮವಾಗಿ ಉಳಿದಿದ್ದೀನಿ ಅನ್ನೋದು ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು" ಅಂತ ಹೇಳಿ ಅವನ ಪರವಾಗಿ ತೀರ್ಪು ಕೊಡ್ತು. ಒಂದು ರೇಂಜ್ ಭೇಟಿ ದೇಶದ ಅತ್ಯುನ್ನತ ಕೋರ್ಟ್‌ವರೆಗೂ ಹೋಯ್ತು ಅನ್ನೋದನ್ನ ಗಮನಿಸಿ. ಆ ಖರ್ಚು, ಆ ವರ್ಷಗಳು ಯಾರಿಗೆ ಬೇಕು?

ವಿನಾಯಿತಿ ಇಲ್ವಾ? ಇದೆ. ವೀಸಾ ಸ್ಥಿತಿ ಸರಿಯಾಗಿದ್ದು, ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಇದ್ರೆ ಈ ನಿಷೇಧ ಅನ್ವಯ ಆಗಲ್ಲ. ಟಾರ್ಗೆಟ್ ಮಾತ್ರ ಹೊಡೆಯೋನಿಗೆ ಬೇಟೆ ಲೈಸೆನ್ಸ್ ಯಾಕೆ ಅಂತ ವಿಚಿತ್ರ ಅನಿಸಬಹುದು, ಆದ್ರೆ ಕಾನೂನು ಇರೋದೇ ಹಾಗೆ. ಈ ದಾರಿ ಹಿಡಿಯೋ ಮುಂಚೆ ನಿಮ್ಮ ಇಮಿಗ್ರೇಷನ್ ಲಾಯರ್ ಹತ್ರ ಒಂದು ಸಲ ಮಾತಾಡಿ. ಈ ಪಾಡ್‌ಕಾಸ್ಟ್ ನಿಮ್ಮ ಲಾಯರ್ ಅಲ್ಲ.

ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ ಈ ಅಡ್ಡಿ ಇಲ್ಲ. ಆದ್ರೆ ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿರೋದು ಬೇರೆ, ಗ್ರೀನ್ ಕಾರ್ಡ್ ಇರೋದು ಬೇರೆ. ಆ ಕ್ಯೂ ಎಷ್ಟು ಉದ್ದ ಅಂತ ನಮ್ಮವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಸಂದರ್ಭ. ಊರಿಂದ ಅಪ್ಪ ಅಮ್ಮ ಬಂದಿರ್ತಾರೆ, ಆರು ತಿಂಗಳು ವಿಸಿಟರ್ ವೀಸಾದಲ್ಲಿ. ಮಗ ಸಿಟಿಜನ್ ಆಗಿರ್ತಾನೆ. "ಅಪ್ಪಾ ಬನ್ನಿ, ರೇಂಜ್ ತೋರಿಸ್ತೀನಿ" ಅಂತ ಕರ್ಕೊಂಡು ಹೋಗ್ತಾನೆ. ಅಪ್ಪನ ಕೈಗೆ ಪಿಸ್ತೂಲು ಕೊಟ್ಟು ಫೋಟೋ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕ್ತಾನೆ. ವಿಸಿಟರ್ ವೀಸಾ ಕೂಡ ನಾನ್‌ಇಮಿಗ್ರೆಂಟ್ ವೀಸಾನೇ. ಹಿಡಿದ ಅಪ್ಪನದೂ ತಪ್ಪು. ಹಿಡಿಯಬಾರದು ಅಂತ ಗೊತ್ತಿದ್ದೂ ಕೈಗೆ ಕೊಟ್ಟ ಮಗನದೂ ತಪ್ಪು. ಸಾಕ್ಷಿಗೆ ಫೋಟೋನೂ ರೆಡಿ. ಅಪ್ಪನಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಿ, ಸಾಕು.

ಇನ್ನು ಅರ್ಹತೆ ಇದ್ದವರಿಗೆ. ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಿಸ್ತಾರೆ, ಹಿನ್ನೆಲೆ ತಪಾಸಣೆ ಮಾಡ್ತಾರೆ. ಲೈಸೆನ್ಸ್ ಇರೋ ಡೀಲರ್‌ನಿಂದ ಪಿಸ್ತೂಲು ಕೊಳ್ಳೋಕೆ ಫೆಡರಲ್ ನಿಯಮದಲ್ಲಿ 21 ವರ್ಷ ಆಗಿರಬೇಕು. ಆ ವಯಸ್ಸಿನ ಮಿತಿಯನ್ನ ಕೋರ್ಟುಗಳಲ್ಲಿ ಪ್ರಶ್ನೆ ಮಾಡಿದ್ದಾರೆ, ಆದ್ದರಿಂದ ಕೊಳ್ಳೋ ಹೊತ್ತಿಗೆ ಅಂಗಡಿಯವರನ್ನೇ ಕೇಳಿ. ಫಾರಂನಲ್ಲಿ ಗಾಂಜಾ ಬಗ್ಗೆಯೂ ಪ್ರಶ್ನೆ ಇದೆ. ನಿಮ್ಮ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದ್ರೂ ಇದು ಫೆಡರಲ್ ಫಾರಂ. ಸುಳ್ಳು ಬರೆದ್ರೆ ಅದೇ ಒಂದು ಅಪರಾಧ.

ಇದರ ಮೇಲೆ ರಾಜ್ಯದ ಕಾನೂನು. ಟೆಕ್ಸಸ್‌ನಲ್ಲಿ ತಪಾಸಣೆ ಮುಗಿದ್ರೆ ಅವತ್ತೇ ತಗೊಂಡು ಹೋಗಬಹುದು. ನ್ಯೂಜೆರ್ಸಿಯಲ್ಲಿ ಪಿಸ್ತೂಲು ಕೊಳ್ಳೋಕೆ ಪೊಲೀಸರಿಂದ ಪರ್ಮಿಟ್ ಬೇಕು. ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೋಬೇಕು, ಕೊಂಡ ಮೇಲೆ ಹತ್ತು ದಿನ ಕಾಯಬೇಕು, ರಾಜ್ಯದ ಪಟ್ಟಿಯಲ್ಲಿರೋ ಮಾಡೆಲ್‌ಗಳನ್ನ ಮಾತ್ರ ಡೀಲರ್ ಮಾರಬಹುದು. ಹಾಗಾಗಿ ಟೆಕ್ಸಸ್‌ನ ಗೆಳೆಯ ಹೇಳಿದ ಮಾಡೆಲ್ ಬೇ ಏರಿಯಾದಲ್ಲಿ ಸಿಗದೇ ಇರಬಹುದು.

ಎರಡನೇ ಪ್ರಶ್ನೆ. ಮನೇಲಿ ಎಲ್ಲಿಡ್ತೀನಿ?

ಬೀರುವಿನ ಮೇಲೆ, ಬಟ್ಟೆ ಕೆಳಗೆ, ಸೂಟ್‌ಕೇಸ್‌ನಲ್ಲಿ. ಇದ್ಯಾವುದೂ ಉತ್ತರ ಅಲ್ಲ. ಮಕ್ಕಳಿಗೆ ಗೊತ್ತಿರದ ಜಾಗ ಮನೇಲಿ ಯಾವುದೂ ಇರಲ್ಲ. ದೀಪಾವಳಿಗೆ ಬಚ್ಚಿಟ್ಟ ಸ್ವೀಟ್ ಡಬ್ಬ ಎಲ್ಲಿದೆ ಅಂತ ಐದು ವರ್ಷದ ಮಗುವಿಗೆ ಗೊತ್ತಿರುತ್ತೆ. ಬೀಗ ಇರೋ ಉಕ್ಕಿನ ಪೆಟ್ಟಿಗೆ ಬೇಕು. ಅದನ್ನ ಕಪಾಟಿಗೋ ನೆಲಕ್ಕೋ ಬಿಗಿದಿರಬೇಕು. ಪಿಸ್ತೂಲು ಖಾಲಿ ಇರಬೇಕು, ಗುಂಡು ಬೇರೆ ಕಡೆ ಬೀಗದಲ್ಲಿ ಇರಬೇಕು. ಟಾರ್ಗೆಟ್ ಪಿಸ್ತೂಲನ್ನ ಮನೇಲಿ ತುಂಬಿಸಿ ಇಡೋಕೆ ಒಂದೇ ಒಂದು ಕಾರಣವೂ ಇಲ್ಲ, ಅದಕ್ಕೆ ರೇಂಜ್‌ನಲ್ಲಿ ಮಾತ್ರ ಕೆಲಸ. ಟೆಕ್ಸಸ್‌ನಂಥ ರಾಜ್ಯದಲ್ಲೂ 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಬಂದೂಕು ಸಿಗೋ ಹಾಗೆ ಬಿಟ್ರೆ ಅಪರಾಧ.

ಮಕ್ಕಳಿಲ್ಲ, ಒಬ್ಬನೇ ಇದ್ದೀನಿ ಅನ್ನೋರಿಗೂ ಒಂದು ಮಾತು. ಅಮೆರಿಕದಲ್ಲಿ ಬಂದೂಕಿನಿಂದ ಆಗೋ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಹೊರಗಿನ ಕಳ್ಳನಿಗಿಂತ ಮನೆಯೊಳಗಿನ ಒಂದು ಕೆಟ್ಟ ರಾತ್ರಿ ಜಾಸ್ತಿ ಅಪಾಯ ಅನ್ನೋದು ಇದರ ಅರ್ಥ. ಲೇಆಫ್ ಆಗಿದೆ, 60 ದಿನದಲ್ಲಿ ಹೊಸ ಕೆಲಸ ಹುಡುಕಬೇಕು, ಊರಲ್ಲಿ ಯಾರಿಗೂ ಹೇಳಿಲ್ಲ. ಇಂಥ ಹೊತ್ತು ನಮ್ಮವರಿಗೆ ಅಪರಿಚಿತ ಅಲ್ಲ. ಮನಸ್ಸು ಸರಿ ಇಲ್ಲದ ಕಾಲದಲ್ಲಿ ಈ ಹವ್ಯಾಸ ಶುರು ಮಾಡಬೇಡಿ. ಇದ್ದವರು ಆ ಕಾಲದ ಮಟ್ಟಿಗೆ ಅದನ್ನ ಮನೆಯಿಂದ ಆಚೆ ಇಡಿ. ಹೇಗೆ, ಎಲ್ಲಿ ಇಡಬಹುದು ಅಂತ ನಿಮ್ಮ ರೇಂಜ್ ಅಥವಾ ಡೀಲರ್ ಹತ್ರ ಕೇಳಿ. ಅಮೆರಿಕದಲ್ಲಿ 988ಕ್ಕೆ ಕರೆ ಮಾಡಬಹುದು. ಭಾರತದಲ್ಲಿ ಕೇಳ್ತಿರೋರಿಗೆ ಟೆಲಿ ಮಾನಸ್ ಇದೆ, ನಂಬರ್ 14416. ಇದನ್ನ ಹೇಳದೇ ಪಿಸ್ತೂಲಿನ ಮಾಡೆಲ್ ಹೇಳೋಕೆ ನನಗೆ ಮನಸ್ಸಿಲ್ಲ.

ಸರಿ. ಎರಡೂ ಪ್ರಶ್ನೆ ದಾಟಿದ್ದೀರಿ ಅಂದ್ಕೊಳ್ಳೋಣ. ಈಗ ಮೂರನೇದು, ಕೈಗೆ ಕೂರುತ್ತಾ?

ಮದುವೆ ಸೀರೆ ಆನ್‌ಲೈನ್‌ನಲ್ಲಿ ಫೋಟೋ ನೋಡಿ ತಗೊಳ್ಳಲ್ಲ, ಅಲ್ವಾ? ಅಂಗಡೀಲಿ ಮೈಮೇಲೆ ಹಾಕ್ಕೊಂಡು ನೋಡ್ತೀವಿ. ಇದೂ ಹಾಗೇ. ದೊಡ್ಡ ರೇಂಜ್‌ಗಳಲ್ಲಿ ಬಾಡಿಗೆ ಪಿಸ್ತೂಲುಗಳಿರುತ್ತವೆ. ಅರ್ಹತೆ ಇದ್ದವರು ಮೂರು ಬೇರೆ ಬೇರೆ ಮಾಡೆಲ್ ತಗೊಂಡು, ಒಂದೊಂದರಲ್ಲಿ ಐವತ್ತು ಗುಂಡು ಹೊಡೆದು ನೋಡಿ. ನೋಡಬೇಕಾದ್ದು ನಾಲ್ಕು. ಹಿಡಿಕೆ ಅಂಗೈ ತುಂಬುತ್ತಾ? ಕೈ ಸಡಿಲ ಮಾಡದೇನೇ ತೋರುಬೆರಳಿನ ತುದಿ ಟ್ರಿಗರ್ ಮಧ್ಯಕ್ಕೆ ಬರುತ್ತಾ? ಕಣ್ಣು ಮುಚ್ಚಿ ಟಾರ್ಗೆಟ್ ಕಡೆ ಖಾಲಿ ಪಿಸ್ತೂಲು ಎತ್ತಿ, ಕಣ್ಣು ಬಿಟ್ಟಾಗ ಮುಂದಿನ ಗುರಿಮಣಿ ತಾನಾಗೇ ಹಿಂದಿನ ಸಂದಿನಲ್ಲಿ ಕೂತಿರುತ್ತಾ? ಮತ್ತೆ, ತೂಕ. ಐದು ನಿಮಿಷ ಹಿಡಿದ ಮೇಲೆ ಕೈ ನಡುಗುತ್ತಾ?

ಈಗ ಹೆಸರುಗಳು. ಸಾಮಾನ್ಯವಾಗಿ ಹೇಳೋದು ಮೂರು, ಮೂರೂ ಟಾರ್ಗೆಟ್‌ಗೆ ಅಂತಲೇ ಮಾಡಿದ್ದು. ಅವುಗಳ ಸಾದಾ ಮಾಡೆಲ್‌ಗಳು ಸುಮಾರು 400ರಿಂದ 600 ಡಾಲರ್ ಒಳಗೆ ಸಿಗುತ್ತವೆ.

ರೂಗರ್ ಮಾರ್ಕ್ ಫೋರ್. ಈ ಕಂಪನಿ 1949ರಲ್ಲಿ ಶುರುವಾಗಿದ್ದೇ ಒಂದು ಪಾಯಿಂಟ್ ಟೂ ಟೂ ಪಿಸ್ತೂಲಿನಿಂದ. ಇವತ್ತಿನ ಮಾರ್ಕ್ ಫೋರ್ ಆ ಮೊದಲ ಪಿಸ್ತೂಲಿನ ಮರಿಮೊಮ್ಮಗ. ಹಳೇ ಮಾರ್ಕ್ ಪಿಸ್ತೂಲುಗಳನ್ನ ಬಿಚ್ಚಿ ಮತ್ತೆ ಜೋಡಿಸೋದು ಅಂದ್ರೆ ಸಾಕಪ್ಪಾ ಸಾಕು ಅನ್ನೋ ಕೆಲಸ ಅಂತ ಹೆಸರಾಗಿತ್ತು. 2016ರಲ್ಲಿ ಬಂದ ಮಾರ್ಕ್ ಫೋರ್‌ನಲ್ಲಿ ಹಿಂದೆ ಒಂದು ಗುಂಡಿ ಒತ್ತಿದ್ರೆ ಸಾಕು, ಮೇಲಿನ ಭಾಗ ಬಿಚ್ಚಿಕೊಳ್ಳುತ್ತೆ. ಉಕ್ಕಿನ ಟಾರ್ಗೆಟ್ ಮಾಡೆಲ್ ಒಂದು ಕಿಲೋ ದಾಟುತ್ತೆ. ಹಗುರ ಬೇಕು ಅಂದ್ರೆ ಇದರಲ್ಲೇ 22/45 ಅನ್ನೋ ಪಾಲಿಮರ್ ಹಿಡಿಕೆಯ ಮಾಡೆಲ್ ಇದೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಒಂದು ನೆನಪಿಡಿ. 2017ರ ಜೂನ್‌ನಲ್ಲಿ ಕಂಪನಿಯೇ ಮಾರ್ಕ್ ಫೋರ್‌ಗೆ ರೀಕಾಲ್ ಕೊಟ್ಟಿತ್ತು, ಸೇಫ್ಟಿ ಲಿವರ್ ಅರ್ಧಕ್ಕೆ ನಿಂತಿದ್ದಾಗ ಟ್ರಿಗರ್ ಒತ್ತಿದ್ರೆ ಆಮೇಲೆ ಗುಂಡು ಹಾರೋ ಸಾಧ್ಯತೆ ಇದೆ ಅಂತ. ಅದಕ್ಕೂ ಹಿಂದಿನದಾದ್ರೆ ಸೀರಿಯಲ್ ನಂಬರ್ ಹಾಕಿ ಸರಿಪಡಿಸಿದ್ದಾರಾ ಅಂತ ನೋಡಿ.

ಬ್ರೌನಿಂಗ್ ಬಕ್ ಮಾರ್ಕ್. 1985ರಿಂದ ಇದೆ. ಇದರ ಟ್ರಿಗರ್ ಮೊದಲ ದಿನದಿಂದಲೇ ಗರಿಗರಿ ಅನ್ನಿಸುತ್ತೆ, ಎಳೆದಾಡಿಸಲ್ಲ. ಆದ್ರೆ ಪೂರ್ತಿ ಬಿಚ್ಚಿ ಸ್ವಚ್ಛ ಮಾಡೋಕೆ ಸ್ಕ್ರೂ, ಅಲೆನ್ ಕೀ ಸಹವಾಸ.

ಸ್ಮಿತ್ ಅಂಡ್ ವೆಸನ್ ಎಸ್‌ಡಬ್ಲ್ಯು22 ವಿಕ್ಟರಿ. ಇದೂ 2016ರದ್ದು. ಒಂದೇ ಸ್ಕ್ರೂ ಬಿಚ್ಚಿದ್ರೆ ತೆರೆಯುತ್ತೆ, ನಳಿಗೆಯನ್ನೂ ಬದಲಾಯಿಸಬಹುದು.

ಈ ಮೂರರಲ್ಲಿ ಯಾವುದು ಬೆಸ್ಟ್? ನಿಮ್ಮ ಗುರಿಗಿಂತ ಮೂರೂ ಚೆನ್ನಾಗಿ ಹೊಡೀತವೆ. ಮೊದಲ ಎರಡು ವರ್ಷ ಪಿಸ್ತೂಲು ನಿಮ್ಮನ್ನ ಹಿಡಿದಿಡಲ್ಲ, ನೀವೇ ಅದನ್ನ ಹಿಡಿದಿಡ್ತೀರಿ. ಆದ್ದರಿಂದ ಕೈಗೆ ಕೂತಿದ್ದನ್ನ, ಸ್ವಚ್ಛ ಮಾಡೋಕೆ ಬೇಜಾರಾಗದ್ದನ್ನ ತಗೊಳ್ಳಿ. ಪಾಯಿಂಟ್ ಟೂ ಟೂ ಬೇಗ ಮಸಿ ಹಿಡಿಯುತ್ತೆ. ಬಿಚ್ಚೋಕೆ ಸೋಮಾರಿತನ ಬಂದ್ರೆ ಮೂರು ವಾರದಲ್ಲಿ ಅದು ಸಿಕ್ಕಿಹಾಕ್ಕೊಳ್ಳೋಕೆ ಶುರು ಮಾಡುತ್ತೆ.

ಇನ್ನೆರಡು ಜಾತಿ ಇವೆ. ಗ್ಲಾಕ್ 44, ಟಾರಸ್ ಟಿಎಕ್ಸ್22 ಥರದ್ದು ಹಗುರದ ಪಾಲಿಮರ್ ಪಿಸ್ತೂಲುಗಳು, ಆಕಾರ 9 ಎಂಎಂ ಪಿಸ್ತೂಲಿನದ್ದೇ. ಮುಂದೆ 9 ಎಂಎಂಗೆ ಹೋಗೋ ಯೋಚನೆ ಇದ್ದವರಿಗೆ ಇದು ಸರಿ. ಬರೀ ಟಾರ್ಗೆಟ್‌ಗೆ ಆದ್ರೆ ನಾನು ಭಾರ ಇರೋದನ್ನೇ ಹೇಳ್ತೀನಿ, ಭಾರ ಇದ್ರೆ ಕೈ ನಡುಕ ಕಡಿಮೆ ಕಾಣುತ್ತೆ. ಕೊನೇದು ರಿವಾಲ್ವರ್. ರೂಗರ್ ರ‍್ಯಾಂಗ್ಲರ್, ಹೆರಿಟೇಜ್ ರಫ್ ರೈಡರ್ ಥರದ್ದು ಎಲ್ಲಕ್ಕಿಂತ ಅಗ್ಗ. ಪ್ರತಿ ಸಲ ಹೆಬ್ಬೆರಳಿಂದ ಹ್ಯಾಮರ್ ಎಳೆದು ಒಂದೊಂದೇ ಹೊಡೀಬೇಕು. ನಿಧಾನ. ಆದ್ರೆ ಕಲಿಯೋನಿಗೆ ಆ ನಿಧಾನವೇ ಗುರು.

ಗುಂಡಿನ ಬಗ್ಗೆ ಎರಡು ಮಾತು. ರಿಮ್‌ಫೈರ್‌ನಲ್ಲಿ ಮದ್ದು ಅಂಚಿನ ಸುತ್ತಲೂ ಸಮನಾಗಿ ಹರಡಬೇಕು. ಎಲ್ಲೋ ಒಂದು ಕಡೆ ಹರಡದೇ ಇದ್ದು, ಪಿನ್ನು ಅಲ್ಲೇ ಬಡಿದ್ರೆ "ಟಿಕ್" ಅಂತ ಸದ್ದು ಬಂದು ಸುಮ್ನಾಗುತ್ತೆ. ಸೆಂಟರ್‌ಫೈರ್‌ಗಿಂತ ಇದರಲ್ಲಿ ಹುಸಿಗುಂಡು ಜಾಸ್ತಿ, ಅದು ಪಿಸ್ತೂಲಿನ ತಪ್ಪಲ್ಲ. ಇನ್ನೊಂದು, ಆಟೋಮ್ಯಾಟಿಕ್ ಆಗಿ ಮುಂದಿನ ಗುಂಡು ಏರಬೇಕಾದ್ರೆ ಹಿಂದಿನ ಗುಂಡಿಗೆ ಸಾಕಷ್ಟು ದಮ್ಮಿರಬೇಕು. ಒಂದೊಂದು ಪಿಸ್ತೂಲಿಗೆ ಒಂದೊಂದು ಬ್ರ್ಯಾಂಡ್ ಹಿಡಿಸುತ್ತೆ. ಮೊದಲೇ ಸಾವಿರ ಗುಂಡು ತಂದು ಪೇರಿಸಬೇಡಿ. ನಾಲ್ಕು ಬ್ರ್ಯಾಂಡ್‌ನ ಐವತ್ತರ ಡಬ್ಬಿ ತಂದು ನೋಡಿ, ಯಾವುದು ತೊಡಕಿಲ್ಲದೇ ನಡೆಯುತ್ತೋ ಅದನ್ನ ಇಟ್ಕೊಳ್ಳಿ.

ರೇಂಜ್‌ನಲ್ಲಿ ಮಾಡಬೇಕಾದ್ದು ನಾಲ್ಕೇ ನಿಯಮ, ಆದ್ರೆ ನಾಲ್ಕನ್ನೂ ಒಟ್ಟಿಗೆ ಪಾಲಿಸಬೇಕು. ಪ್ರತಿ ಬಂದೂಕೂ ತುಂಬಿದೆ ಅಂತಲೇ ತಿಳ್ಕೊಳ್ಳಿ. ಹೊಡೆಯಬಾರದ ಯಾವುದರ ಕಡೆಗೂ ಮೂತಿ ತಿರುಗಿಸಬೇಡಿ. ಗುರಿ ಕೂರೋವರೆಗೂ ಬೆರಳು ಟ್ರಿಗರ್ ಆಚೆ ಇರಲಿ. ಟಾರ್ಗೆಟ್ ಏನು, ಅದರ ಹಿಂದೆ ಏನಿದೆ ಅಂತ ತಿಳ್ಕೊಂಡು ಹೊಡೀರಿ. ಕೊಡಗಿನವರಿಗೆ, ಮಲೆನಾಡಿನ ತೋಟದ ಮನೆಯವರಿಗೆ ಕೋವಿ ಹೊಸದಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋದನ್ನ ನೋಡಿ ಬೆಳೆದಿರ್ತಾರೆ. ಅವರಿಗೂ ಇದು ಹೇಳಬೇಕು. ಉದ್ದದ ಕೋವಿಯ ಮೂತಿ ಎಲ್ಲಿಗೆ ತಿರುಗಿದೆ ಅಂತ ಎಲ್ಲರಿಗೂ ಕಾಣುತ್ತೆ. ಗೇಣುದ್ದದ ಪಿಸ್ತೂಲಿನಲ್ಲಿ ಮಣಿಕಟ್ಟು ಸ್ವಲ್ಪ ತಿರುಗಿದ್ರೂ ಸಾಕು, ಅದು ಪಕ್ಕದವರ ಹೊಟ್ಟೆ ಕಡೆ ಇರುತ್ತೆ.

"ಟಿಕ್" ಅಂತ ಸುಮ್ನಾದ್ರೆ ಮೂತಿ ಟಾರ್ಗೆಟ್ ಕಡೆಗೇ ಇಟ್ಟು ಮೂವತ್ತು ಸೆಕೆಂಡ್ ಕಾಯಿರಿ, ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತೆ. ಸದ್ದು ಯಾವತ್ತಿಗಿಂತ ಮೆಲ್ಲಗೆ "ಪುಸ್" ಅಂದ್ರೆ ನಿಲ್ಲಿಸಿ, ಖಾಲಿ ಮಾಡಿ, ನಳಿಗೆಯಲ್ಲಿ ಗುಂಡು ಸಿಕ್ಕಿದೆಯಾ ಅಂತ ರೇಂಜ್ ಆಫೀಸರ್‌ಗೆ ತೋರಿಸಿ. ಅದರ ಹಿಂದೆ ಇನ್ನೊಂದು ಹೊಡೆದ್ರೆ ನಳಿಗೆ ಸೀಳಬಹುದು. ಹೊಸಬರನ್ನ ಕರ್ಕೊಂಡು ಹೋದ್ರೆ ಮೊದಲು ಒಂದೇ ಒಂದು ಗುಂಡು ಹಾಕಿ ಕೊಡಿ. ಮೊದಲನೇದು ಹಾರಿದ ಖುಷಿಗೆ ತಿರುಗಿ "ನೋಡಿದ್ರಾ!" ಅನ್ನೋದು ಮನುಷ್ಯ ಸಹಜ. ಆಗ ಪಿಸ್ತೂಲು ಖಾಲಿ ಇರಬೇಕು.

ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಚಿಕ್ಕ ಗುಂಡು ಅಂತ ಕಿವಿ ತೆರೆದಿಡಬೇಡಿ, ಪಾಯಿಂಟ್ ಟೂ ಟೂ ಪಿಸ್ತೂಲಿನ ಸದ್ದೂ 140 ಡೆಸಿಬೆಲ್ ದಾಟುತ್ತೆ, ಹೋದ ಕಿವಿ ವಾಪಸ್ ಬರಲ್ಲ. ನಿಮ್ಮ ಇಯರ್‌ಬಡ್ಸ್ ಇದಕ್ಕಲ್ಲ. ಇನ್ನು ಸೀಸ. ಗುಂಡಿನಲ್ಲೂ ಇದೆ, ಮದ್ದಿನ ಹೊಗೆಯಲ್ಲೂ ಇದೆ. ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈ ಮುಖ ತೊಳೀರಿ, ಅದಕ್ಕೂ ಮುಂಚೆ ಏನೂ ತಿನ್ನಬೇಡಿ. ಮನೆಗೆ ಹೋದ ತಕ್ಷಣ ಬಟ್ಟೆ ಬದಲಾಯಿಸಿ. ಮಗುವನ್ನ ಎತ್ಕೊಳ್ಳೋದು ಆಮೇಲೆ.

ಈಗ ಊರಿಗೆ ಹೋಗೋ ವಿಷಯ. ರೇಂಜ್‌ಗೆ ಒಯ್ಯೋ ಬ್ಯಾಗು ಬೇರೆ ಇರಲಿ, ಪ್ರಯಾಣದ ಬ್ಯಾಗು ಬೇರೆ ಇರಲಿ. ಈ ಗುಂಡು ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಉದ್ದ ಇಲ್ಲ, ಬ್ಯಾಗಿನ ಹೊಲಿಗೆ ಸಂದಿಯಲ್ಲಿ ಸೇರ್ಕೊಂಡ್ರೆ ಗೊತ್ತೇ ಆಗಲ್ಲ. ಭಾರತದ ವಿಮಾನ ನಿಲ್ದಾಣದಲ್ಲಿ ಲಗೇಜಿನಲ್ಲಿ ಒಂದೇ ಒಂದು ಜೀವಂತ ಗುಂಡು ಸಿಕ್ಕರೂ ಆರ್ಮ್ಸ್ ಆಕ್ಟ್ ಅಡಿ ಎಫ್‌ಐಆರ್ ಆಗಬಹುದು. ಬ್ಯಾಗಿನಲ್ಲಿ ಇರೋದೇ ಗೊತ್ತಿರಲಿಲ್ಲ ಅನ್ನೋ ಕಾರಣಕ್ಕೆ ದೆಹಲಿ ಹೈಕೋರ್ಟ್ ಇಂಥ ಎಷ್ಟೋ ಎಫ್‌ಐಆರ್‌ಗಳನ್ನ ರದ್ದು ಮಾಡಿದೆ, ನಿಜ. ಆದ್ರೆ ರದ್ದಾಗೋ ಹೊತ್ತಿಗೆ ರಜೆಯೂ ಮುಗಿದಿರುತ್ತೆ, ವಾಪಸ್ ಟಿಕೆಟೂ ಹೋಗಿರುತ್ತೆ.

ಕರ್ನಾಟಕದಲ್ಲೇ ಇದ್ದು ಕೇಳ್ತಿರೋರಿಗೆ "ಇದೆಲ್ಲ ನಮಗೇನು" ಅನ್ನಿಸಬಹುದು. ನಿಮಗೆ ಬೇರೆ ದಾರಿ ಇದೆ, ನನ್ನ ಪ್ರಕಾರ ಇನ್ನೂ ಒಳ್ಳೇ ದಾರಿ. ಭಾರತದಲ್ಲಿ ಪಾಯಿಂಟ್ ಟೂ ಟೂ ಪಿಸ್ತೂಲಿಗೆ ಲೈಸೆನ್ಸ್ ಬೇಕು, ಸುಲಭಕ್ಕೆ ಸಿಗಲ್ಲ. ಆದ್ರೆ 10 ಮೀಟರ್ ಏರ್ ಪಿಸ್ತೂಲು, ಅಂದ್ರೆ ಪಾಯಿಂಟ್ ಒನ್ ಸೆವೆನ್ ಸೆವೆನ್ ಬೋರಿನ ಸ್ಪರ್ಧೆಯ ಪಿಸ್ತೂಲನ್ನ ಶೂಟಿಂಗ್ ಅಕಾಡೆಮಿಗಳಲ್ಲಿ ಕೋಚ್ ಕೆಳಗೆ ಕಲೀಬಹುದು. ರಾಜ್ಯದಲ್ಲಿ ಈ ಕ್ರೀಡೆಗೆ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ. ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದಿದ್ದು ಈ ಏರ್ ಪಿಸ್ತೂಲಿನಲ್ಲೇ. ನಮ್ಮ ರಿಮ್‌ಫೈರ್‌ನ ನಂಟೂ ಒಲಿಂಪಿಕ್ಸ್‌ಗಿದೆ. 2012ರಲ್ಲಿ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬಳಸೋದು ಇದೇ ಪಾಯಿಂಟ್ ಟೂ ಟೂ ಗುಂಡು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹೊಡೆದ 50 ಮೀಟರ್ ಪಿಸ್ತೂಲಿನದ್ದೂ ಅದೇ ಗುಂಡು.

ಹಾಗಾದ್ರೆ ಈ ವಾರ ಏನು ಮಾಡಬೇಕು? ಅಂಗಡಿಗೆ ಹೋಗಬೇಡಿ. ಮೊದಲು ಪಾಸ್‌ಪೋರ್ಟ್ ತೆಗೆದು ನಿಮ್ಮ ವೀಸಾ ಯಾವುದು ಅಂತ ನೋಡಿ. ನಾನ್‌ಇಮಿಗ್ರೆಂಟ್ ಆಗಿದ್ರೆ ಲಾಯರ್ ಜೊತೆ ಮಾತಾಡೋವರೆಗೂ ರೇಂಜ್‌ಗೂ ಹೋಗಬೇಡಿ, ಗೆಳೆಯ ಎಷ್ಟೇ ಕರೆದ್ರೂ. ಅರ್ಹತೆ ಇದ್ರೆ ಪೆಟ್ಟಿಗೆ ಎಲ್ಲಿ ಬಿಗೀತೀರಿ ಅಂತ ಮನೆಯವರ ಜೊತೆ ಕೂತು ಮಾತಾಡಿ. ಹೆಂಡತಿನೋ ಗಂಡನೋ ಬೇಡ ಅಂದ್ರೆ ಬೇಡ, ಆ ಮನೆ ಅವರದ್ದೂ ಹೌದು. ಎಲ್ಲ ಒಪ್ಪಿಗೆಯಾದ್ರೆ ಒಂದು ಬೇಸಿಕ್ ಸೇಫ್ಟಿ ಕ್ಲಾಸ್ ಸೇರಿ, ಮೂರು ಪಿಸ್ತೂಲು ಬಾಡಿಗೆಗೆ ಹೊಡೆದು ನೋಡಿ. ಮಾಡೆಲ್ ಹೆಸರು ನನ್ನನ್ನ ಕೇಳೋ ಅಗತ್ಯವೇ ಇರಲ್ಲ, ನಿಮ್ಮ ಕೈನೇ ಹೇಳುತ್ತೆ.

ಇವತ್ತಿಗೆ ಇಷ್ಟು. ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಅಪ್ಪ ಅಮ್ಮನ್ನ ರೇಂಜ್‌ಗೆ ಕರ್ಕೊಂಡು ಹೋಗೋ ಪ್ಲಾನ್‌ನಲ್ಲಿರೋ ಗೆಳೆಯರು ಯಾರಾದ್ರೂ ಇದ್ರೆ ಈ ಎಪಿಸೋಡ್ ಅವರಿಗೆ ಇವತ್ತೇ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.